ಮಾಡಿನ ಕೆಳಗಣ ಮಣ್ಣು

ಬೆಳೆಗೆ ರೋಗವೆಂದೊಡನೆ ಮಲೆನಾಡಿನವರ ದೃಷ್ಟಿಯು ಆಕಾಶದ ಕಡೆಗೆ ಹೋಗುವುದು ಸಹಜವೇ. ಅಡಕೆಯ ಕೊಳೆರೋಗವು ಮಳೆಯೊಡನೆ ಬರುವುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರು ಬಳಕೆಗೆ ತಂದ ಮೈಲುತುತ್ತ-ಸುಣ್ಣದ ದ್ರಾವಣವನ್ನು ನಾವು ಇಂದಿಗೂ ಗೊನೆಗಳಿಗೆ ಸಿಂಪಡಿಸುತ್ತಿರುವೆವು. ಹೀಗಿರಲು, ಮಳೆಯನ್ನೇ ತಡೆಯುವ ಪ್ಲಾಸ್ಟಿಕ್ ಮಾಡಿನ ಹಸಿರುಮನೆಯಲ್ಲಿ ತರಕಾರಿಗೆ ರೋಗವೆಲ್ಲಿಂದ ಬಂದೀತೆಂದು ನಮ್ಮ ಶೆಟ್ಟಿಕೊಪ್ಪದ ಗೃಹಸ್ಥರು ಕೇಳಿದರೆ ಅದು ಅವಿವೇಕದ ಪ್ರಶ್ನೆಯಲ್ಲ.

ನನ್ನಲ್ಲಿ ಓದಿದ ತರುಣನೊಬ್ಬನು ಸಾಲಮಾಡಿ ಅಂಥದೊಂದು ಮನೆಯನ್ನು ಗದ್ದೆಯಲ್ಲಿ ಕಟ್ಟಿಸಿ ಟೊಮೇಟೊ ಬೆಳೆದನು. ಮೊದಲೆರಡು ಬೆಳೆಗಳು ಸೊಗಸಾಗಿ ಬಂದವು. ಮೂರನೆಯದು ಕಾಯಿಕಚ್ಚುವ ಹೊತ್ತಿಗೆ, ಎಲೆಗಳು ಹಸಿರಾಗಿದ್ದಂತೆಯೇ ಮಧ್ಯಾಹ್ನ ಜೋತುಬಿದ್ದು ರಾತ್ರಿ ಚೇತರಿಸಿಕೊಂಡು, ಕೆಲವೇ ದಿನಗಳಲ್ಲಿ ಗಿಡಗಳು ಸಾಲುಸಾಲಾಗಿ ಸತ್ತವು. ನೀರು ಸಾಲದೆಂದು ಅವನು ಮತ್ತಷ್ಟು ಹಾಯಿಸಿದನು. ನೀರಿನೊಡನೆ ರೋಗವೂ ಮುಂದಿನ ಸಾಲಿಗೆ ಹರಿಯಿತು. ಎಲ್ಲವನ್ನೂ ಮಾರಿ ಬೆಂಗಳೂರಿಗೆ ಹೋಗುವೆನೆಂದನು.

ಸೊರಗಿದ ಗಿಡದ ಬುಡವನ್ನು ಕೊಯ್ದು, ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟು ನೋಡತಕ್ಕದ್ದು. ನಿಮಿಷಗಳಲ್ಲಿ ಹಾಲಿನಂಥ ಎಳೆಯೊಂದು ಕೆಳಗಿಳಿದರೆ ಅದು ಬ್ಯಾಕ್ಟೀರಿಯದ ಸೊರಗುರೋಗ. ಆ ಸೂಕ್ಷ್ಮಜೀವಿಯು ಬೇರಿನಿಂದ ಹೊಕ್ಕು ನೀರೇರುವ ನಾಳಗಳನ್ನೇ ಮುಚ್ಚುವುದು. ಗಿಡವು ನೀರಿನ ನಡುವೆ ಬಾಯಾರಿ ಸಾಯುವುದು. ಸೊರಗಿದ ಗಿಡಕ್ಕೆ ಔಷಧವಿಲ್ಲ. ಬುಡದ ಮಣ್ಣಿನೊಡನೆ ಕಿತ್ತು ಹೊರಗೊಯ್ಯಬೇಕು. ನಾವು ಕಿತ್ತ ಬೇರುಗಳಲ್ಲಿ ಗಂಟುಗಳೂ ಇದ್ದವು. ಅಲಸಂದೆಯ ಬೇರಿನ ಗಂಟು ಉಜ್ಜಿದರೆ ಉದುರುವುದು. ಇದು ಉದುರದು, ಬೇರೇ ಊದಿಕೊಂಡುದು. ಕಣ್ಣಿಗೆ ಕಾಣದ ಜಂತುಹುಳುವಿನ ಕೆಲಸವದು, ಅದು ಮಾಡಿದ ಗಾಯವೇ ಸೊರಗುರೋಗಕ್ಕೆ ಬಾಗಿಲು.

ಗದ್ದೆಯು ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿರುವುದರಿಂದ ಆ ಜಂತುಗಳು ಬಹುಮಟ್ಟಿಗೆ ಅಳಿಯುವುವು. ಮಾಡಿನ ಕೆಳಗೆ ಆ ಸ್ನಾನವಿಲ್ಲ, ಬಿಡುವೂ ಇಲ್ಲ. ಟೊಮೇಟೊವಾದ ಮೇಲೆ ದೊಣ್ಣೆಮೆಣಸಿನಕಾಯಿ, ಅದಾದ ಮೇಲೆ ಬದನೆ. ಎಲ್ಲವೂ ಒಂದೇ ವಂಶ. ರೋಗಕ್ಕೆ ನಿತ್ಯ ಸಂತರ್ಪಣೆ!

ಸುರಪಾಲನ ವೃಕ್ಷಾಯುರ್ವೇದವು ಗಿಡಗಳಿಗೂ ವಾತಪಿತ್ತಕಫಗಳನ್ನು ಹೇಳುವುದು. ಸಂಸ್ಕೃತ ಓದಿದ ಅಭಿಮಾನದಿಂದ ಕುಣಪಜಲವನ್ನು ಎರೆಯೆಂದು ನಾನು ಹೇಳಬಹುದಾಗಿತ್ತು. ಆದರೆ ಸೂಕ್ಷ್ಮದರ್ಶಕವಿಲ್ಲದ ಕಾಲದ ಗ್ರಂಥದ ಮೇಲೆ ಈ ಭಾರವನ್ನು ಹೊರಿಸುವುದು ಗ್ರಂಥಕ್ಕೇ ಅನ್ಯಾಯ.

ಬಿಸಿಲಿನಿಂದ ಮಣ್ಣನ್ನು ಶುದ್ಧಿಮಾಡುವ ಕ್ರಮವನ್ನು ಇಸ್ರೇಲಿನ ಕಟಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಏಪ್ರಿಲ್-ಮೇ ತಿಂಗಳಲ್ಲಿ ಮಣ್ಣನ್ನು ಅಗೆದು, ಚೆನ್ನಾಗಿ ನೆನೆಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹಾಸಿ, ಅಂಚುಗಳನ್ನು ಹೂಳಿ 4ರಿಂದ 6 ವಾರ ಬಿಡುವುದು. ಕರಿಯದು ಬೇಡ; ಅದು ತಾನು ಕಾಯುವುದೇ ಹೊರತು ಮಣ್ಣನ್ನು ಅಷ್ಟು ಕಾಯಿಸದು. ಆಳದಲ್ಲಿರುವ ರೋಗಾಣುಗಳು ಇದರಿಂದ ಸಾಯವು. ಆದುದರಿಂದ ಕೊಟ್ಟಿಗೆಗೊಬ್ಬರ, ಬೇವಿನ ಹಿಂಡಿ, ನಡುವೆ ಒಂದು ಬೆಳೆ ಚೆಂಡುಹೂವು ಇವೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸುಂಡೆಯ ಬೇರಿನ ಮೇಲೆ ಟೊಮೇಟೊವನ್ನು ಕಸಿಮಾಡುವುದು. ಸುಂಡೆಯ ಬೇರು ಸೊರಗುರೋಗವನ್ನೂ ಜಂತುವನ್ನೂ ತಡೆದುಕೊಳ್ಳುವುದು.

ಇನ್ನು ಮಡಿಯ ಮಾತು. ಹೊರಗಣ ಮಣ್ಣು ಕಾಲಿಗೂ ಗುದ್ದಲಿಗೂ ಅಂಟಿ ಒಳಗೆ ಬರಬಾರದು. ಸಸಿಗಳನ್ನು ತೆಂಗಿನ ನಾರಿನ ಪುಡಿಯ ತಟ್ಟೆಗಳಲ್ಲಿಯೇ ಎಬ್ಬಿಸಬೇಕು. ತರುಣನಿಗೆ ಇದನ್ನು ವಿವರಿಸಲು ನನಗೆ ಅರ್ಧ ದಿವಸ ಹಿಡಿಯಿತು. ಅವನ ಅಜ್ಜಿಗೆ ಒಂದೇ ಮಾತು ಸಾಕಾಯಿತು. ಬಾಗಿಲಲ್ಲಿ ನೀರಿನ ಬಕೆಟ್ಟನ್ನಿರಿಸಿ, ಕಾಲು ತೊಳೆಯದವರನ್ನು ಆಕೆ ಒಳಗೆ ಬಿಡುವುದಿಲ್ಲ.

ಬೇಲಿಯ ಸುಂಡೆಯಿಂದ ಬೀಜ ತೆಗೆದು ಬಿತ್ತಿರುವರು. ಅದು ಮೊಳೆಯುವುದು ಬಹು ನಿಧಾನ. ಟೊಮೇಟೊವನ್ನು ಅದಾದ ಕೆಲವು ವಾರಗಳ ಮೇಲೆಯೇ ಬಿತ್ತಬೇಕಾಗುವುದು.