ಅಪ್ಪನ ಝೆನ್ ಮತ್ತು ಒಂದು ರಬ್ಬರ್ ಪೈಪು

ಅಪ್ಪನಿಗೆ ನಾನು ದೊಡ್ಡ ಸುಳ್ಳುಗಳನ್ನೇನೂ ಹೇಳಿದವನಲ್ಲ. ಆದರೆ ಹೋದ ಸಲ ಒಂದು ರಬ್ಬರ್ ಪೈಪಿನ ವಿಷಯಕ್ಕೆ ಹೇಳಿಬಿಟ್ಟೆ.

ನಮ್ಮ ಮನೆಯಲ್ಲಿ 2003ರ ಮಾರುತಿ ಝೆನ್ ಇದೆ. ನಾನು ಆಗ ಪ್ರೈಮರಿ ಸ್ಕೂಲಿನಲ್ಲಿದ್ದೆ. ಅಪ್ಪ ಸಾಲ ಮಾಡಿ ತೆಗೆದುಕೊಂಡ ಮೊದಲ ಮತ್ತು ಕೊನೆಯ ಕಾರು ಅದು. ಅರಸೀಕೆರೆಯ ಮನೆಯಿಂದ ಎಂಟು ಕಿಲೋಮೀಟರ್ ದೂರದ ತೆಂಗಿನ ತೋಟಕ್ಕೆ ದಿನಾ ಸಾಯಂಕಾಲ ಅದರಲ್ಲೇ ಹೋಗಿಬರುತ್ತಾರೆ. ರಿಟೈರ್ ಆದಮೇಲಂತೂ ಅದೇ ಅವರ ಆಫೀಸು.

ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲವೇ? 2018ರಲ್ಲಿ ಒಮ್ಮೆ ಆಗಿತ್ತು. 2023ರಲ್ಲಿ ಮತ್ತೆ ಬಂತು. ಅಷ್ಟರಲ್ಲಿ 600 ರೂಪಾಯಿ ಇದ್ದ ಶುಲ್ಕ 5,000 ಆಗಿತ್ತು. ಅದೇ ಹೊತ್ತಿಗೆ ಕಾರು ನಿಂತಲ್ಲೇ ನಡುಗಲು ಶುರುಮಾಡಿತು. ಗೇರ್ ನ್ಯೂಟ್ರಲ್‌ನಲ್ಲಿದ್ದಾಗ ಎಂಜಿನ್ ಒಮ್ಮೆ ಜೋರು, ಒಮ್ಮೆ ಸಣ್ಣ. ಹೀಗಿದ್ದರೆ ಹೊಗೆ ಪರೀಕ್ಷೆ ಪಾಸಾಗುವುದೇ ಅನುಮಾನ.

ನಾನು ಊರಿಗೆ ಹೋಗಿದ್ದಾಗ ಮೆಕ್ಯಾನಿಕ್ ಬಳಿ ಒಯ್ದೆವು. ಅವರು ಬಾನೆಟ್ ಎತ್ತಿ, ಇಂಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ಒಂದು ಪುಟ್ಟ ವ್ಯಾಕ್ಯೂಮ್ ಪೈಪನ್ನು ಬೆರಳಲ್ಲಿ ಹಿಸುಕಿದರು. ಎಂಜಿನ್ ತಣ್ಣಗಾಯಿತು! ಪೈಪು ತುದಿಯಲ್ಲಿ ಸೀಳಿತ್ತು. ಅದನ್ನು ಹತ್ತೇ ನಿಮಿಷದಲ್ಲಿ ಬದಲಾಯಿಸಿದರು. ಆಮೇಲೆ, “ಸಾರ್, ನಿಜವಾದ ಕಾಯಿಲೆ ಇಲ್ಲಿದೆ ನೋಡಿ” ಅಂತ ಏರ್ ಫಿಲ್ಟರ್‌ನಿಂದ ಥ್ರಾಟಲ್ ಬಾಡಿಗೆ ಹೋಗುವ ದಪ್ಪ ಪೈಪನ್ನು ಬಿಚ್ಚಿದರು. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಬಗ್ಗಿಸಿದಾಗ ಕೆಳಗಿನ ಮಡಿಕೆಗಳಲ್ಲಿ ಎರಡು ಬೆರಳು ಉದ್ದದ ಬಿರುಕು. ಒಳಗೆ ಬೆರಳಾಡಿಸಿದೆ, ತೋಟದ ದಾರಿಯ ಕೆಂಪು ಧೂಳು ಅಂಟಿಕೊಂಡು ಬಂತು.

ಕೆಲವು ಕಾರುಗಳಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಈ ಪೈಪಿನ ಮುಂಚೆಯೇ ಇರುತ್ತದೆ. ಅಂಥವುಗಳಲ್ಲಿ ಪೈಪು ಬಿರುಕುಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಎಂಜಿನ್ ತಕ್ಷಣ ತಕರಾರು ಮಾಡುತ್ತದೆ. ನಮ್ಮದರಲ್ಲಿ ಅಳೆಯುವುದು ಮ್ಯಾನಿಫೋಲ್ಡ್‌ನ ಒತ್ತಡವನ್ನು. ಹಾಗಾಗಿ ಗಾಡಿ ಏನೂ ಆಗದಂತೆ ಓಡುತ್ತಲೇ ಇರುತ್ತದೆ, ಆದರೆ ಫಿಲ್ಟರ್ ತಪ್ಪಿಸಿಕೊಂಡ ಧೂಳು ಸಿಲಿಂಡರ್ ಮತ್ತು ಪಿಸ್ಟನ್ ರಿಂಗ್‌ಗಳನ್ನು ಸದ್ದಿಲ್ಲದೆ ಸವೆಸುತ್ತದೆ. ಎರರ್ ತೋರಿಸದೆ ಡೇಟಾ ಹಾಳುಮಾಡುವ ಬಗ್ ಇದ್ದಂತೆ. ನಮ್ಮ ಕೆಲಸದಲ್ಲಿ ನಾವು ಹೆಚ್ಚು ಹೆದರುವುದು ಅಂಥದ್ದಕ್ಕೇ.

ಬೆಂಗಳೂರಿಗೆ ವಾಪಸ್ ಬಂದು ಒಂದು ಸರ್ವಿಸ್ ಸೆಂಟರ್‌ನಲ್ಲಿ ಕೇಳಿದೆ. ಕೌಂಟರ್‌ನ ಹುಡುಗ ಕಂಪ್ಯೂಟರ್ ನೋಡಿ, “ಈ ಪಾರ್ಟ್ ಈಗ ಬರ್ತಿಲ್ಲ ಸಾರ್” ಅಂದ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಯಿತು. ಕಾರನ್ನು ಗುಜರಿಗೆ ಕೊಡೋಣ, ಅಪ್ಪನಿಗೆ ಬೇಕಾದಾಗ ಬಾಡಿಗೆ ಕಾರು ಹೇಳಿದರಾಯಿತು ಎಂಬುದು ನನ್ನ ಬಹುದಿನದ ಆಸೆ. ಅಪ್ಪನಿಗೆ ಫೋನ್ ಮಾಡಿ, “ಬೆಂಗಳೂರೆಲ್ಲಾ ಹುಡುಕಿದೆ ಅಪ್ಪಾ, ಎಲ್ಲೂ ಸಿಗಲ್ಲ” ಅಂದುಬಿಟ್ಟೆ. ಹುಡುಕಿದ್ದು ಒಂದೇ ಜಾಗದಲ್ಲಿ. ಅಪ್ಪ ವಾದ ಮಾಡಲಿಲ್ಲ. “ಆಯ್ತು ಬಿಡು” ಅಂದರು.

ಎರಡು ವಾರ ಕಳೆದ ಮೇಲೆ ಅಮ್ಮ ಯಾವುದೋ ಮಾತಿನ ಮಧ್ಯೆ ಹೇಳಿದಳು: “ನಿಮ್ಮಪ್ಪ ತೋಟಕ್ಕೆ ಹೋಗ್ತಿಲ್ಲ ಕಣೋ. ಆಟೋದಲ್ಲಿ ಹೋಗಿ ಅಂದ್ರೆ ಬೇಡ ಅಂತಾರೆ. ಸಾಯಂಕಾಲ ಆದ್ರೆ ಕಾರು ಒರೆಸ್ತಾರೆ, ಕವರ್ ಹಾಕ್ತಾರೆ, ಅಷ್ಟೇ.” ಓಡಿಸದ ಕಾರನ್ನು ಒರೆಸುತ್ತಾ ನಿಂತ ಅಪ್ಪನ ಚಿತ್ರ ಕಣ್ಣಿಂದ ಹೋಗಲಿಲ್ಲ. ಆ ಶುಕ್ರವಾರವೇ ಊರಿಗೆ ರೈಲು ಹತ್ತಿ, “ಇನ್ನೊಂದು ಸಲ ನೋಡ್ತೀನಿ” ಅಂತ ಹಳೆಯ ಪೈಪನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ.

ಮೊದಲು ಶಿವಾಜಿನಗರದ ಗುಜರಿ ಅಂಗಡಿಗಳು. ಝೆನ್‌ದು ಎರಡು ಪೈಪು ಸಿಕ್ಕವು. ಎರಡನ್ನೂ ಬಗ್ಗಿಸಿದರೆ ಅದೇ ಜಾಗದಲ್ಲಿ ಅದೇ ಬಿರುಕು! ತಪ್ಪೇನಲ್ಲ, ಅವೂ ನಮ್ಮ ಕಾರಿನಷ್ಟೇ ವಯಸ್ಸಿನವು. ಎಂಜಿನ್ ಬಿಸಿ, ಎಣ್ಣೆಯ ಆವಿ, ವರ್ಷಗಟ್ಟಲೆ ಅಲುಗಾಟ ಸೇರಿ ರಬ್ಬರು ಗಟ್ಟಿಯಾಗುತ್ತದೆ. ಹಳೆಯ ಲೋಹದ ಭಾಗವನ್ನು ಗುಜರಿಯಲ್ಲಿ ಧೈರ್ಯವಾಗಿ ಕೊಳ್ಳಬಹುದು, ಹಳೆಯ ರಬ್ಬರನ್ನಲ್ಲ.

ಆಮೇಲೆ ಜೆ.ಸಿ. ರಸ್ತೆ. ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಒಂದೊಂದೇ ಸ್ಪೇರ್ ಪಾರ್ಟ್ಸ್ ಅಂಗಡಿ ಹತ್ತಿ ಇಳಿದೆ. ಒಬ್ಬರು ಹೊಸದೊಂದನ್ನು ತಂದಿಟ್ಟರು. ಹಿಡಿದು ನೋಡಿದರೆ ಬಾಯಿಯ ಅಳತೆಯೇ ಬೇರೆ. ಅದು ಹಳೆಯ ಕಾರ್ಬುರೇಟರ್ ಝೆನ್‌ದು, ನಮ್ಮದು ಆಮೇಲೆ ಬಂದ ಎಂಪಿಎಫ್‌ಐ. ಹೆಸರು ಒಂದೇ, ಪೈಪು ಬೇರೆ. ಇನ್ನೊಬ್ಬರು, “ತೋಟಕ್ಕೆ ನೀರು ಬಿಡೋ ಪೈಪ್ ಕತ್ತರಿಸಿ ಹಾಕಿ” ಅಂದರು. ಅದು ಬಿಸಿಗೆ ಮೆತ್ತಗಾಗಿ ಎಂಜಿನ್ ಎಳೆತಕ್ಕೆ ಚಪ್ಪಟೆಯಾದರೆ ಕಥೆ ಮುಗಿಯಿತು.

ಏಳನೆಯ ಅಂಗಡಿಯ ಹಿರಿಯರು ಹಳೆಯ ಪೈಪನ್ನು ಕೈಗೆ ತೆಗೆದುಕೊಂಡು ಬಟ್ಟೆಯಿಂದ ಒರೆಸಿದರು. ರಬ್ಬರಿನ ಮೇಲೆ ಅಚ್ಚಾಗಿದ್ದ ನಂಬರ್ ಎದ್ದು ಕಂಡಿತು. ಇಷ್ಟು ದಿನ ನನ್ನ ಕೈಯಲ್ಲೇ ಇತ್ತು, ನಾನು ನೋಡಿರಲಿಲ್ಲ. “ಕಾರಿನ ಹೆಸರು ಹೇಳ್ಬೇಡಿ, ನಂಬರ್ ಹೇಳಿ” ಅಂದರು. ಗೋಡೌನ್‌ಗೆ ಹುಡುಗನನ್ನು ಕಳಿಸಿದರು. ಮುಕ್ಕಾಲು ಗಂಟೆಯ ಮೇಲೆ ಧೂಳು ಹಿಡಿದ ಕವರಿನಲ್ಲಿ ಎರಡು ಬಂದವು. ಎರಡನ್ನೂ ಮಡಿಕೆ ಬಿಡಿಸಿ ನೋಡಿದೆ. ಮೆತ್ತಗಿದ್ದವು, ಬಿರುಕಿರಲಿಲ್ಲ. ಎರಡನ್ನೂ ತೆಗೆದುಕೊಂಡೆ, ಹೊಸ ಕ್ಲಾಂಪ್‌ಗಳ ಸಮೇತ.

ಭಾನುವಾರ ಊರಲ್ಲಿ ಅಪ್ಪ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು. “ಎಷ್ಟು ಅಂಗಡಿ ಸುತ್ತಿದೆ?”

“ಜೆ.ಸಿ. ರೋಡಲ್ಲೇ ಏಳು.”

“ಮೊದಲ್ನೇ ಸಲ?”

ಸ್ವಲ್ಪ ಹೊತ್ತು ಸುಮ್ಮನಿದ್ದೆ. “ಒಂದೇ ಅಪ್ಪಾ” ಅಂದೆ. ಅವರು ನನ್ನ ಮುಖ ನೋಡಲಿಲ್ಲ. ಸ್ಕ್ರೂಡ್ರೈವರ್ ಕೈಗಿಟ್ಟು, “ಕ್ಲಾಂಪ್ ತುಂಬಾ ಬಿಗಿ ಮಾಡ್ಬೇಡ, ಹೊಸ ರಬ್ಬರು, ಕತ್ತರಿಸಿಹೋಗುತ್ತೆ” ಅಂದರು.

ಕಾರು ಹೊಗೆ ಪರೀಕ್ಷೆ ಪಾಸಾಯಿತು. ಆರ್‌ಟಿಒದಲ್ಲಿ ಮುಂದಿನ ಐದು ವರ್ಷಕ್ಕೆ ಮುದ್ರೆಯೂ ಬಿತ್ತು. ಇನ್ನೊಂದು ಪೈಪನ್ನು ಅಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ಆ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದಾರೆ. ಕತ್ತಲಾದ ಮೇಲೆ ಮಾತ್ರ ಓಡಿಸುವುದಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ.

ನಿಮ್ಮ ಮನೆಯಲ್ಲೂ ಹಳೆಯ ಕಾರಿದ್ದರೆ ಒಮ್ಮೆ ಆ ಪೈಪನ್ನು ಬಿಚ್ಚಿಸಿ ಬಗ್ಗಿಸಿ ನೋಡಿ, ನಂಬರನ್ನು ಬರೆದಿಟ್ಟುಕೊಳ್ಳಿ. “ಎಲ್ಲೂ ಸಿಗಲ್ಲ” ಎನ್ನುವ ಮುಂಚೆ ಎಷ್ಟು ಅಂಗಡಿ ಹತ್ತಿದ್ದೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನಾನು ಕೇಳಿಕೊಂಡಿರಲಿಲ್ಲ.