ಹಿರೇನಲ್ಲೂರಿನ ತೋಟದಲ್ಲಿ ಮೂರನೆಯ ಹಗ್ಗ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹೋಗುವ ರೈಲು ಅರಸೀಕೆರೆ ಬಿಟ್ಟಿತೆಂದರೆ ಕಿಟಕಿಯ ಎರಡೂ ಬದಿಗೆ ತೆಂಗೋ ತೆಂಗು. ಕಡೂರಿನಲ್ಲಿ ಇಳಿದು ಹಿರೇನಲ್ಲೂರಿಗೆ ಹೋದರೂ ಅದೇ ನೋಟ. ಪಡುವಲಿಗೆ ಬಾಬಾಬುಡನ್ ಬೆಟ್ಟಸಾಲು. ಮಳೆಯೆಲ್ಲ ಅಲ್ಲೇ ಸುರಿದು, ಈ ಬಯಲಿಗೆ ಬರುವಷ್ಟರಲ್ಲಿ ಮೋಡ ಬರಿಗೈ. ಹಾಗಾಗಿ ಇಲ್ಲಿಯ ಹೆಂಗಸರಿಗೆ ತೆಂಗಿನ ಮರ ಎಂದರೆ ಬರೀ ಮರವಲ್ಲ. ಮಕ್ಕಳ ಫೀಸು, ಮಗಳ ಬಾಣಂತನ, ಹಬ್ಬದ ಸೀರೆ ಎಲ್ಲವೂ ಆ ಸುಳಿಯಲ್ಲೇ ಕೂತಿರುತ್ತವೆ.

ಆದರೆ ಅದನ್ನು ಕೆಳಗೆ ತರುವವರು ಯಾರು?

ನಾನು ಹೋದ ದಿನ ಒಂದು ತೋಟದಲ್ಲಿ ಕಾಯಿ ಕೀಳುತ್ತಿದ್ದರು. ಮರ ಹತ್ತುವಾತನಿಗೆ ಐವತ್ತರ ಮೇಲೆ ವಯಸ್ಸು. ಎರಡು ಪಾದಕ್ಕೂ ಸೇರಿಸಿ ಹಗ್ಗದ ಬಳೆಯೊಂದನ್ನು ಹಾಕಿಕೊಂಡ. ಮಲೆನಾಡಿನ ಅಡಿಕೆ ತೋಟದಲ್ಲಿ ಇದಕ್ಕೆ ತಳೆ ಅನ್ನುತ್ತಾರೆ. ಪಾದಗಳು ಮರವನ್ನು ಎರಡೂ ಕಡೆಯಿಂದ ಒತ್ತಿದಾಗ ಈ ಬಳೆ ಬಿಗಿಯಾಗಿ, ಅವು ಜಾರದಂತೆ ತಡೆಯುತ್ತದೆ. ಸೊಂಟದಲ್ಲಿ ಮಚ್ಚು, ಹೆಗಲ ಮೇಲೆ ಎಳನೀರು ಗೊನೆ ಇಳಿಸುವುದಕ್ಕೆ ಇನ್ನೊಂದು ಹಗ್ಗ. ಅಷ್ಟೇ! ನೋಡನೋಡುತ್ತಿದ್ದಂತೆ ಐವತ್ತಡಿ ಮೇಲೆ ಮಟ್ಟೆಗಳ ನಡುವೆ ಕಾಣದಾದ.

ಇಳಿದ ಮೇಲೆ ಕೇಳಿದೆ, "ಭಯ ಆಗೋದಿಲ್ವಾ?"

"ಹಸಿ ಮಟ್ಟೆ ಹಿಡ್ಕೋಬೇಕಕ್ಕಾ. ಒಣಗಿದ್ದು ಹಿಡಿದ್ರೆ ಅದೂ ನಾನೂ ಒಟ್ಟಿಗೇ ಬರ್ತೀವಿ" ಎಂದು ನಕ್ಕ. ಪಕ್ಕದಲ್ಲಿ ಕಾಯಿ ಆರಿಸುತ್ತಿದ್ದ ಅವನ ಹೆಂಡತಿ ಮಾತ್ರ ನಗಲಿಲ್ಲ. "ಇವ್ರು ಕೆಳಗಿಳಿಯೋವರ್ಗೂ ನನಗೆ ನೀರೂ ಇಳಿಯಲ್ಲ" ಅಂದಳು.

ಆತ ಬರೀ ಕಾಯಿ ಕೀಳುವವನಲ್ಲ, ಮರದ ವೈದ್ಯನೂ ಹೌದು. ಕುರುವಾಯಿ ದುಂಬಿ ಸುಳಿಗೆ ತೂತು ಕೊರೆದಿದ್ದರೆ ಕೊಕ್ಕೆಯ ಕಂಬಿ ಹಾಕಿ ಎಳೆದು ತೆಗೆಯುತ್ತಾನೆ, ಬೇವಿನ ಹಿಂಡಿಗೆ ಮರಳು ಬೆರೆಸಿ ಮಟ್ಟೆಯ ಸಂದಿಗಳಿಗೆ ತುಂಬುತ್ತಾನೆ. ಹತ್ತಲು ಸುಲಭವಾಗಲೆಂದು ಕೆಲವರು ಮರಕ್ಕೆ ಮೆಟ್ಟಿಲಿನಂತೆ ಕಚ್ಚು ಹೊಡೆಯುತ್ತಾರಲ್ಲ, ಅದು ದೊಡ್ಡ ಅನ್ಯಾಯ. ಮಾವಿನ ಮರಕ್ಕೆ ಗಾಯವಾದರೆ ಸುತ್ತಲಿಂದ ಹೊಸ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ತೆಂಗಿಗೆ ಆ ಭಾಗ್ಯವಿಲ್ಲ. ಆದ ಗಾಯ ಕಡೆಯವರೆಗೂ ಗಾಯವೇ. ಕೆಂಪು ಮೂತಿ ಹುಳು ಒಳಹೊಗಲು ಅದೇ ಬಾಗಿಲು.

ಈಗ ಆ ಹೆಣ್ಣುಮಗಳ ಮಾತಿಗೆ ಬರೋಣ. ಕಾಲಿಗೊಂದು ಹಗ್ಗ, ಗೊನೆಗೊಂದು ಹಗ್ಗ ಇದೆ. ಹತ್ತುವವನ ಜೀವಕ್ಕೆಂದು ಮೂರನೆಯ ಹಗ್ಗ ಎಲ್ಲಿ? ಗೊನೆ ಕೆಳಗೆ ಬಿದ್ದು ಒಡೆಯಬಾರದೆಂದು ಹಗ್ಗ ಕಟ್ಟುವ ನಾವು ಮನುಷ್ಯನಿಗೆ ಕಟ್ಟುವುದಿಲ್ಲ, ವಿಚಿತ್ರ ಅಲ್ಲವೇ?

ಮರ ಹತ್ತಿ ಕೊಂಬೆ ಕತ್ತರಿಸುವುದನ್ನೇ ಕಸುಬು ಮಾಡಿಕೊಂಡವರು ಬೇರೆ ದೇಶಗಳಲ್ಲಿ ಇದ್ದಾರೆ. ಅವರು ಸೊಂಟ, ತೊಡೆಗಳನ್ನು ಬಳಸುವ ಬೆಲ್ಟು ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿ, ಹಗ್ಗಕ್ಕೆ ಬೆಸೆದುಕೊಂಡೇ ನೆಲ ಬಿಡುತ್ತಾರೆ. ಯೂರೋಪಿನ ಮಾನದಂಡದಂತೆ ಆ ಹಗ್ಗ ಕನಿಷ್ಠ 2,200 ಕಿಲೋ ಭಾರದಷ್ಟು ಎಳೆತ ತಡೆಯಬೇಕು. ಎಪ್ಪತ್ತು ಕಿಲೋ ಮನುಷ್ಯನಿಗೆ ಅಷ್ಟೇಕೆ ಅಂತೀರಾ? ಜಾರಿದಾಗಿನ ಜಗ್ಗು ತೂಕದ ಎಷ್ಟೋ ಪಟ್ಟಾಗುತ್ತದೆ. ಗಂಟು ಹಾಕಿದ ಕಡೆ ಹಗ್ಗದ ಶಕ್ತಿಯೂ ಕುಗ್ಗುತ್ತದೆ. ನಮ್ಮ ಬಾವಿಯ ನಾರಿನ ಹಗ್ಗ ನೆನೆದು ನೆನೆದು ಒಳಗೇ ಕೊಳೆಯುತ್ತದೆ, ನೈಲಾನ್ ಹಗ್ಗ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಅಂಥದ್ದನ್ನು ಕೊಟ್ಟು ಮರ ಹತ್ತಿಸಲೇಬಾರದು.

ಹುಣಸೆ, ಮಾವಿನಂಥ ಕೊಂಬೆಯ ಮರವಾದರೆ ಗಟ್ಟಿ ಕವಲಿನ ಮೇಲೆ ಹಗ್ಗ ಹಾಯಿಸಿ ನೇತುಬೀಳಬಹುದು. ಅದಕ್ಕೊಂದು ಗಂಟಿದೆ. ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಕಟಿಸಿದ್ದು. ತೆಳು ಹಗ್ಗದ ಕುಣಿಕೆಯನ್ನು ದಪ್ಪ ಹಗ್ಗಕ್ಕೆ ಮೂರು ಸುತ್ತು ಹಾಕಿದರೆ ಆಯಿತು. ಭಾರ ಬಿದ್ದಾಗ ಕಚ್ಚಿ ಹಿಡಿಯುತ್ತದೆ. ಭಾರ ತೆಗೆದಾಗ ಕೈಯಿಂದ ಮೇಲೆ ಕೆಳಗೆ ಸರಿಸಬಹುದು.

ತೆಂಗಿಗೆ ಕೊಂಬೆ ಇಲ್ಲವಲ್ಲ! ಅಲ್ಲಿ ಹಗ್ಗವನ್ನು ಕಾಂಡಕ್ಕೇ ಸುತ್ತಬೇಕು. ಸಡಿಲವಾದ ಬಳೆ ಹಾಕಿದರೆ ಮನುಷ್ಯನ ಜೊತೆ ಅದೂ ಕೆಳಗಿನವರೆಗೆ ಜಾರುತ್ತದೆ. ಆದ್ದರಿಂದ ಭಾರ ಬಿದ್ದಷ್ಟೂ ಕಾಂಡವನ್ನು ಬಿಗಿಯುವ ಕುಣಿಕೆ ಬೇಕು. ಕೇರಳದ ಚೆಂಬೇರಿಯ ಜೋಸೆಫ್ ಎಂಬ ರೈತರು ಕಂಡುಹಿಡಿದ ಯಂತ್ರದ ಮರ್ಮವೂ ಇದೇ: ಎರಡು ಚೌಕಟ್ಟು, ಮರ ಸುತ್ತುವ ಎರಡು ಉಕ್ಕಿನ ಹಗ್ಗ. ಒಂದು ಕಾಲಿನ ಭಾರಕ್ಕೆ ಒಂದು ಬಿಗಿದಾಗ ಇನ್ನೊಂದನ್ನು ಮೇಲೆ ಸರಿಸುತ್ತಾ ನಿಂತೇ ಹತ್ತುವುದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಅದಕ್ಕೆ ಸುರಕ್ಷೆಯ ಜೋಡಣೆಯನ್ನೂ ಮಾಡಿದರು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಈ ಯಂತ್ರದ ತರಬೇತಿ ನಡೆಸಿತು. ಎಷ್ಟೋ ಹೆಂಗಸರೂ ಚೂಡಿದಾರದ ದುಪಟ್ಟಾ ಬಿಗಿದು ಕಲಿತು ಹತ್ತಿದರು. ಮರ ಹತ್ತುವವರಿಗೆಂದೇ ಮಂಡಳಿಯ ಅಪಘಾತ ವಿಮೆಯೂ ಇದೆ. ಬೆಂಗಳೂರಿನಲ್ಲಿ ಅವರ ಕಚೇರಿ ಇದೆ, ವಿಚಾರಿಸಬಹುದು.

ಯಂತ್ರದ ಸುದ್ದಿ ಎತ್ತಿದರೆ ಹಿರೇನಲ್ಲೂರಿನ ನಮ್ಮ ಮರದ ವೈದ್ಯ ತಲೆಯಾಡಿಸಿದ. "ಪ್ರತಿ ಮರಕ್ಕೂ ಬಿಚ್ಚಿ ಕಟ್ಟಬೇಕಲ್ಲಕ್ಕಾ. ಅಷ್ಟರಲ್ಲಿ ಇನ್ನೊಂದು ಮರ ಮುಗಿಸ್ತೀನಿ."

ಅಲ್ಲೇ ಇರುವುದು ಗುಟ್ಟು. ಕೂಲಿ ಮರದ ಲೆಕ್ಕ. ಮೂರನೆಯ ಹಗ್ಗ ಕಟ್ಟಿ ಬಿಚ್ಚುವ ಪ್ರತಿ ನಿಮಿಷವೂ ಅವನ ಜೇಬಿಗೇ ಕತ್ತರಿ. ಅವನಿಗೆ ಬುದ್ಧಿ ಹೇಳುವುದು ಸುಲಭ. ಮರಕ್ಕೆ ನಾಲ್ಕು ಕಾಸು ಹೆಚ್ಚಿಗೆ ಕೊಡುತ್ತೇನೆ, ಬೆಲ್ಟು ಕಟ್ಟಿಕೊಂಡೇ ಹತ್ತಪ್ಪಾ ಎನ್ನುವುದು ನಮ್ಮ ಕೈಲಿದೆ. ಕೂಲಿಯ ಮಾತಾಡುವವರು ಎಷ್ಟೋ ಮನೆಗಳಲ್ಲಿ ನಾವೇ ತಾನೇ? ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ, ಬೇಕಾದರೆ.

ಇನ್ನು ಕೆಲವು ಮಾತು, ಗಂಡಸರು ಮನೆಯಲ್ಲಿ ಇಲ್ಲದ ಹೊತ್ತಿಗೂ ಬೇಕಾದವು. ಮಳೆ ಬಂದು ಕಾಂಡ ಒದ್ದೆಯಾಗಿದ್ದರೆ ಆ ದಿನ ಬೇಡ. ಸುಳಿ ಒಣಗಿ ಸತ್ತು ನಿಂತ ಮರಕ್ಕೆ ಯಾರನ್ನೂ ಹತ್ತಿಸಬೇಡಿ, ಒಳಗೆ ಎಷ್ಟು ಟೊಳ್ಳೋ ಹೊರಗೆ ಕಾಣದು. ಕರೆಂಟ್ ತಂತಿಯ ಹತ್ತಿರ ಲೋಹದ ದೋಟಿಯೂ ಬೇಡ, ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯೂ ಬೇಡ. ಎರಡರಲ್ಲೂ ವಿದ್ಯುತ್ ಹರಿಯುತ್ತದೆ. ಕೆಳಗೆ ಒಬ್ಬರು ಇರಲೇಬೇಕು, ಮಟ್ಟೆ ಬೀಳುವಷ್ಟು ದೂರದಲ್ಲಿ ಮಕ್ಕಳು ಇರಬಾರದು.

ಬೆಲ್ಟಿನಲ್ಲಿ ಯಾರಾದರೂ ಪ್ರಜ್ಞೆ ತಪ್ಪಿ ನೇತಾಡುತ್ತಿದ್ದರೆ ರಕ್ತವೆಲ್ಲ ಕಾಲಿಗಿಳಿದು ನಿಮಿಷಗಳಲ್ಲೇ ಅಪಾಯ. ಹೇಗಾದರೂ ಬೇಗ ಇಳಿಸಬೇಕು. ಕೆಳಗೆ ಬಿದ್ದವರ ವಿಷಯ ಬೇರೆ. ತೋಳು ಹಿಡಿದೆತ್ತಿ ಕೂರಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ಕತ್ತು, ಬೆನ್ನು ಅಲುಗದಂತೆ ಮಲಗಿದ್ದ ಹಾಗೇ ಬಿಟ್ಟು 108ಕ್ಕೆ ಫೋನ್ ಮಾಡಿ. ತೋಟದ ಗುರುತು ಸರಿಯಾಗಿ ಹೇಳಿ, ಒಬ್ಬರನ್ನು ರಸ್ತೆಗೆ ಓಡಿಸಿ ನಿಲ್ಲಿಸಿ.