ನಾಲ್ಕೂವರೆ ಗಂಟೆಯ ನೆಂಟರು



ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿದಾಗ, ಶಿಸ್ತು, ಸಮಯಪಾಲನೆ, ಸ್ತ್ರೀವಿದ್ಯೆ ಮೊದಲಾದ ವಿಷಯಗಳಲ್ಲಿ ಒಂದನ್ನು ನಾವು ಆರಿಸಿಕೊಳ್ಳುವೆವೆಂದು ಅವರು ಎಣಿಸಿರಬಹುದು. ಮೊದಲು ನಾವೂ ಹಾಗೆಯೇ ಎಣಿಸಿದ್ದೆವು. ಆದರೆ ಕಳೆದ ಸಾರೆ ನೆರೆದ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ನಡೆದ ಒಂದು ಸಂಗತಿಯು ನಮ್ಮ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿತು.

ಅಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಿಂದಲೂ, ಹುಬ್ಬಳ್ಳಿ ಬೆಂಗಳೂರುಗಳಿಂದಲೂ ನಮ್ಮವರು ಬಂದಿದ್ದರು. ನಮ್ಮೊಡನೆ ಒಂದೇ ಬೆಂಚಿನಲ್ಲಿ ಕೂತು ಕಲಿತವರೂ ಅವರಲ್ಲಿದ್ದರು. ಊಟವಾದ ಮೇಲೆ ಅವರು ಪರೀಕ್ಷೆಗಳ ವಿಷಯವಾಗಿಯೋ, ಪೆಟ್ಟು ಕೊಟ್ಟ ಉಪಾಧ್ಯಾಯಿನಿಯರ ವಿಷಯವಾಗಿಯೋ ಮಾತಾಡುವರೆಂದು ನಾವು ಕಾದಿದ್ದೆವು. ಆದರೆ ಯಾರೋ ಒಬ್ಬಳು "ಮಾಯಾಮೃಗದ ಮಾಳವಿಕಾ ನೆನಪಿದ್ದಾಳೆಯೇ?" ಎಂದು ಕೇಳಿದ್ದೇ ತಡ, ಸಾಯಂಕಾಲದ ಚಹದ ವರೆಗೂ ಬೇರೆ ಮಾತೇ ಇಲ್ಲ! ಒಬ್ಬಳು ಅದರ ಹಾಡನ್ನು ಗುಣುಗುಣಿಸಿದಳು. ಮತ್ತೊಬ್ಬಳು, ಈಗ ವಕೀಲಳಾಗಿರುವವಳು, "ಸೀತಾರಾಮರ ಧಾರಾವಾಹಿಗಳಲ್ಲಿ ನ್ಯಾಯಾಲಯದ ವಾದಗಳನ್ನು ಕೇಳಿಯೇ ನನಗೆ ಕಾನೂನಿನ ಹುಚ್ಚು ಹತ್ತಿದ್ದು" ಎಂದಳು. ಹತ್ತು ವರುಷ ಒಬ್ಬರನ್ನೊಬ್ಬರು ಕಾಣದಿದ್ದವರು ಆ ಹೊತ್ತಿನಲ್ಲಿ ಅಕ್ಕತಂಗಿಯರಾದರು.

ಚಿಕ್ಕವರಿಗೋಸ್ಕರ ಸ್ವಲ್ಪ ಇತಿಹಾಸವನ್ನು ಹೇಳುವದು ಅವಶ್ಯವಾಗಿದೆ. "ಮಾಯಾಮೃಗ"ವು 1998ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರಸಾರವಾಯಿತು. ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಈ ಮೂವರು ಕೂಡಿ ಅದನ್ನು ನಿರ್ದೇಶಿಸಿದರು. ಅದರ ಶೀರ್ಷಿಕೆಯ ಗೀತವನ್ನು ಎಚ್. ಎಸ್. ವೆಂಕಟೇಶಮೂರ್ತಿಯವರು ಬರೆದರು, ಸಿ. ಅಶ್ವತ್ಥರು ರಾಗ ಹಾಕಿದರು. ಅದು ಬರುತ್ತಿದ್ದ ಹೊತ್ತು ಸಾಯಂಕಾಲದ ನಾಲ್ಕೂವರೆ ಗಂಟೆ. ಗಂಡಸರು ಇನ್ನೂ ತೋಟದಲ್ಲಿಯೂ ಕಚೇರಿಯಲ್ಲಿಯೂ ಇರುವ ಆ ಹೊತ್ತು ಹೆಂಗಸರದು. ಮಧ್ಯಾಹ್ನದ ಕೆಲಸ ತೀರಿ, ರಾತ್ರಿಯ ಒಲೆಗೆ ಇನ್ನೂ ಬೆಂಕಿ ಹಚ್ಚದಿರುವ ಬಿಡುವು ಅದು. ಅದರಲ್ಲಿ ರಾಜರಿಲ್ಲ, ದೇವತೆಗಳಿಲ್ಲ. ನೌಕರಿ, ಸಾಲ, ಮದುವೆ, ಮರ್ಯಾದೆ ಎಂದು ಒದ್ದಾಡುವ ಸಾಧಾರಣ ಕುಟುಂಬದವರು ಇದ್ದರು. ಆ ಮಾಳವಿಕೆಯ ಪಾತ್ರದಿಂದಲೇ ಮಾಳವಿಕಾ ಎಂಬ ನಟಿಯು ಮನೆಮನೆಯ ಹುಡುಗಿಯಾದಳು. ಆ ಮೇಲೆ ಸೀತಾರಾಮರು "ಮನ್ವಂತರ", "ಮುಕ್ತ", "ಮುಕ್ತ ಮುಕ್ತ" ಇವುಗಳನ್ನೂ, 2018ರಲ್ಲಿ "ಮಗಳು ಜಾನಕಿ"ಯನ್ನೂ ಮಾಡಿದರು. 2022ರಲ್ಲಿ ಹಳೆಯ ಕಥೆಯನ್ನೇ ಮುಂದುವರಿಸಿ "ಮತ್ತೆ ಮಾಯಾಮೃಗ" ಎಂಬದು ಸಹ ಬಂತು.

ನಮ್ಮ ಸೀಮೆಯಲ್ಲಿ ಕಥೆಯ ಪಾತ್ರಗಳನ್ನು ಜೀವಂತರೆಂಬಂತೆ ಚರ್ಚಿಸುವದು ಹೊಸದಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಕಂಡು ಬಂದ ಗಂಡಸರು ಆ ಮಾತನ್ನು ವರುಷಗಟ್ಟಲೆ ಬಿಡುತ್ತಿರಲಿಲ್ಲ. ತಾಳಮದ್ದಳೆಯಲ್ಲಿ ಕರ್ಣನ ಪಕ್ಷವೋ ಕೃಷ್ಣನ ಪಕ್ಷವೋ ಎಂದು ಕವಳ ಹಾಕುತ್ತಾ ಬೆಳಗಿನ ವರೆಗೂ ವಾದಿಸುವವರನ್ನು ಯಾರೂ ಹಗುರವಾಗಿ ಕಾಣಲಿಲ್ಲ. ಅದಕ್ಕೆ ರಸಿಕತೆಯೆಂದು ಹೆಸರು. ಆದರೆ ಹೆಂಗಸರು ಮಾಳವಿಕೆಯ ಪಕ್ಷ ಹಿಡಿದು ವಾದಿಸಿದರೆ ಅದು ಹೊತ್ತು ಹಾಳುಮಾಡುವದೆಂದು ಎಲ್ಲರೂ ಹೇಳಿದರು. ಹಾಗೆ ಹೇಳಿದವರಲ್ಲಿ ನಾವೂ ಒಬ್ಬರೆಂದು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

1998ರಲ್ಲಿ ನಾವು ಶಿಕ್ಷಕರ ತರಬೇತಿಯಲ್ಲಿದ್ದೆವು. ನಮ್ಮ ಮನೆಯು ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿತ್ತು. ನಮ್ಮ ತಾಯಿಯವರು ಮಿಶನ್ನಿನಲ್ಲಿ ಹೊಲಿಗೆ ಕಲಿತವರು. ಸುತ್ತಲಿನ ಮನೆಗಳಿಗೆ ರವಿಕೆಗಳನ್ನು ಹೊಲಿದುಕೊಟ್ಟು ನಮ್ಮನ್ನು ಓದಿಸುತ್ತಿದ್ದರು. ನಮ್ಮಲ್ಲಿ ಟಿವಿ ಇರಲಿಲ್ಲ. ಗುಡ್ಡದ ಆಚೆಯ ತೋಟದ ಮನೆಯೊಂದರಲ್ಲಿ ಇತ್ತು. ಉದ್ದವಾದ ಅಡಿಕೆಯ ಮರದ ಕಂಬಕ್ಕೆ ಆಂಟೆನಾವನ್ನು ಕಟ್ಟಿದ್ದರು. ಗಾಳಿ ಬಂದಾಗಲೆಲ್ಲಾ ಒಬ್ಬ ಹುಡುಗನು ಅಂಗಳಕ್ಕೆ ಓಡಿ ಕಂಬವನ್ನು ತಿರುಗಿಸುವದು, ಒಳಗಿನಿಂದ "ಇನ್ನೂ ಸ್ವಲ್ಪ, ಸಾಕು, ಸಾಕು! ಅಯ್ಯೋ, ಹೋಯಿತು!" ಎಂದು ಕೂಗುವದು ನಿತ್ಯದ ಪಾಠವಾಗಿತ್ತು. ಗುಡುಗು ಕೇಳಿದರೆ ತಂತಿಯನ್ನು ಕಿತ್ತಿಡಬೇಕು. ಕರೆಂಟು ಹೋದರೆ ಆ ದಿನದ ಕಥೆಯೇ ಹೋಯಿತು.

ನಮ್ಮ ತಾಯಿಯವರು ರವಿಕೆಗಳನ್ನು ಕೊಡಲಿಕ್ಕೆ ಆ ಮನೆಗೆ ಹೋಗುತ್ತಿದ್ದರು. ನಾವು ಕ್ರೈಸ್ತರಾದದರಿಂದ ಜಗುಲಿಯೇ ನಮ್ಮ ಮೇರೆ. ಯಾರೂ ಬಾಯಿಬಿಟ್ಟು ಹಾಗೆ ಹೇಳಿದ್ದಿಲ್ಲ. ನಮ್ಮ ತಾಯಿಯವರು ಕೇಳಿದ್ದೂ ಇಲ್ಲ. ಅದು ರೂಢಿಯಾಗಿತ್ತು. ಟಿವಿಯು ಒಳಗಿತ್ತು. ಆದಕಾರಣ ಅವರು ಜಗುಲಿಯ ಕಿಟಕಿಯ ಸರಳುಗಳನ್ನು ಹಿಡಿದುಕೊಂಡು, ನಿಂತುಕೊಂಡೇ ಆ ಕಥೆಯನ್ನು ನೋಡುತ್ತಿದ್ದರು. ಹೀಗೆ ಕೆಲವು ವಾರಗಳು ನಡೆದವು.

ಆ ಮಳೆಗಾಲದ ಒಂದು ದಿವಸ ಇರಚಲು ಜಗುಲಿಯನ್ನೆಲ್ಲಾ ತೋಯಿಸುತ್ತಿತ್ತು. ಆಗ ಆ ಮನೆಯ ಅಮ್ಮನವರು ಟಿವಿಯಿಂದ ಕಣ್ಣು ತೆಗೆಯದೆಯೇ, "ಒಳಗೆ ಬಾರೇ ಬಾಯೀ, ಅಲ್ಲಿ ನಿಂತರೆ ಮಾಳವಿಕಾ ಹೇಳುವದು ಕೇಳುವದಿಲ್ಲ" ಎಂದರಂತೆ. ನಮ್ಮ ತಾಯಿಯವರು ಸೀರೆಯ ಸೆರಗನ್ನು ಹಿಂಡಿಕೊಂಡು ಹೊಸಿಲು ದಾಟಿ, ಬಾಗಿಲ ಬಳಿಯಲ್ಲಿಯೇ ಕೂತರು. ಮರುದಿವಸ ಅಲ್ಲಿ ಮೊದಲೇ ಒಂದು ಚಾಪೆ ಹಾಸಿತ್ತು. ಸ್ವಲ್ಪ ಕಾಲದ ತರುವಾಯ ಆಸರಿಗೆಂದು ಕಷಾಯ ಬಂತು, ಎಲ್ಲರಿಗೂ ಕೊಟ್ಟಂಥ ಲೋಟದಲ್ಲಿಯೇ ಬಂತು. ಕರೆಂಟು ಇಲ್ಲದ ದಿನಗಳಲ್ಲಿಯೂ ನಮ್ಮ ತಾಯಿಯವರು ಹೋಗತೊಡಗಿದರು. ಮುಂದೇನಾಗಬಹುದೆಂದು ಇಬ್ಬರೂ ಊಹಿಸುವರು. ಯಾರದು ತಪ್ಪೆಂದು ಜಗಳಾಡುವರು. ಜಗಳಾಡುತ್ತಾ ತಮ್ಮ ತಮ್ಮ ಅತ್ತೆಯರ, ಗಂಡಂದಿರ, ಮಕ್ಕಳ ಕಥೆಗಳನ್ನೂ ಹೇಳಿಕೊಳ್ಳುವರು. "ಅಮ್ಮಾ" ಎನ್ನುತ್ತಿದ್ದವರು ಯಾವಾಗಲೋ "ಅಕ್ಕಾ" ಎನ್ನತೊಡಗಿದರು.

ನಾವು ರಜೆಗೆ ಬಂದಾಗ ಒಂದು ಸಾಯಂಕಾಲ ತಾಯಿಯವರು ಕಣ್ಣೊರಸಿಕೊಳ್ಳುತ್ತಾ ಮನೆಗೆ ಬಂದರು. ಕೇಳಿದರೆ ಮಾಯಾಮೃಗದ ದುಃಖ! ಆಗತಾನೇ ಮನಶ್ಶಾಸ್ತ್ರದ ನಾಲ್ಕು ಅಧ್ಯಾಯಗಳನ್ನು ಓದಿದ್ದ ನಾವು, "ಇಲ್ಲದವರಿಗೋಸ್ಕರ ಅಳುವ ನೀವು ವಿದ್ಯೆ ಕಲಿತವರೋ?" ಎಂದು ಬಿರುಸಾಗಿ ಆಡಿಬಿಟ್ಟೆವು. ಅವರು ಸಿಟ್ಟಾಗಲಿಲ್ಲ. "ನೀನು ಹೇಳುವದು ಸರಿ ಮಗಳೇ, ಅವರೆಲ್ಲಾ ಇಲ್ಲದವರೇ. ಆದರೆ ಆ ಮನೆಯ ಅಕ್ಕ ಇರುವವಳಲ್ಲವೇ? ಇಷ್ಟು ವರುಷ ನಮ್ಮಿಬ್ಬರಿಗೆ ಮಾತಾಡಲಿಕ್ಕೆ ಏನಿತ್ತು? ರವಿಕೆಯ ಅಳತೆ ಒಂದೇ" ಎಂದರು. ಆ ಮಾತು ನಮ್ಮ ಕಿವಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ. ಮುಂದೆ ನಾವು ಶಿಕ್ಷಕಿಯಾದಾಗ ಪಾಲಕರ ಸಭೆಗಳಲ್ಲಿ ಧಾರಾವಾಹಿಗಳ ವಿರುದ್ಧ ಎಷ್ಟೋ ಭಾಷಣಗಳನ್ನು ಮಾಡಿದೆವು.

ಅದು ಮನಸ್ಸಿಗೆ ಹೋದದ್ದು 2013ರ ಮಳೆಗಾಲದಲ್ಲಿ. ಆಗ ನಾವು ಒಂಬತ್ತನೆಯ ತರಗತಿಯ ವರ್ಗಶಿಕ್ಷಕಿಯಾಗಿದ್ದೆವು. ಯಲ್ಲಾಪುರದ ಕಡೆಯ ಹುಡುಗಿಯೊಬ್ಬಳು ಎಂಟು ದಿವಸ ಶಾಲೆಗೆ ಬಾರದೆ, ಒಂಬತ್ತನೆಯ ದಿವಸ ಬಂದು ನಮ್ಮ ಮೇಜಿನ ಬಳಿಯಲ್ಲಿ ನಿಂತು, "ಟೀಚರ್, ನಮ್ಮನೆಯಲ್ಲಿ ನನ್ನನ್ನು ಪುಟ್ಟಗೌರಿ ಮಾಡುತ್ತಾರೆ" ಎಂದಳು. "ಪುಟ್ಟಗೌರಿ ಮದುವೆ" ಎಂಬದು ಹಿಂದಿಯ "ಬಾಲಿಕಾ ವಧು"ವಿನ ಕನ್ನಡ ರೂಪವಾಗಿ 2012ರ ಕೊನೆಯಲ್ಲಿ ಈಟಿವಿ ಕನ್ನಡದಲ್ಲಿ ಆರಂಭವಾಗಿತ್ತು. ಆ ವಾಹಿನಿಗೆ 2015ರಲ್ಲಿ ಕಲರ್ಸ್ ಕನ್ನಡವೆಂದು ಹೆಸರಾಯಿತು. ಚಿಕ್ಕ ಹುಡುಗಿಗೆ ಮದುವೆ ಮಾಡಿ ಗಂಡನ ಮನೆಗೆ ಕಳಿಸುವ ಕಥೆ ಅದು. ನಾವು ಆ ಕಥೆಯನ್ನು ನೋಡಿದವರಲ್ಲ. ಆದರೂ ಹುಡುಗಿಯ ಮಾತಿನ ಅರ್ಥವು ಕೂಡಲೇ ತಿಳಿಯಿತು. ಅವಳಿಗೆ "ಬಾಲ್ಯವಿವಾಹ" ಎಂಬ ಪಾಠದ ಶಬ್ದವು ಬಾಯಿಗೆ ಬರುತ್ತಿರಲಿಲ್ಲ. ಗೌರಿಯ ಹೆಸರು ಬಂತು.

ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ನಾವು ಅವಳ ಮನೆಗೆ ಹೋದೆವು. 2006ರ ಕಾಯಿದೆಯ ಪ್ರಕಾರ ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬದೆ ಮದುವೆ ಮಾಡಿದರೆ ಶಿಕ್ಷೆಯುಂಟೆಂದು ಹೇಳಿದೆವು. ತಂದೆಯು ನೆಲವನ್ನು ನೋಡಿದನು; ತಾಯಿ ಒಳಗೆ ಹೋದಳು. ಮನೆಯ ಯಜಮಾನಿಕೆ ಅಜ್ಜಿಯದು. ಅವಳು ಅಡಕತ್ತರಿಯಲ್ಲಿ ಅಡಿಕೆಯನ್ನು ಹೋಳುಮಾಡುತ್ತಾ, "ಕಾಯಿದೆ ಪೇಟೆಯವರಿಗೆ ಅಕ್ಕೋರೇ. ಗಂಡು ಒಳ್ಳೆಯದು ಸಿಕ್ಕಿದೆ" ಎಂದಳು. ನಮ್ಮ ಬತ್ತಳಿಕೆಯಲ್ಲಿ ಬೇರೆ ಬಾಣವಿರಲಿಲ್ಲ. ಎದ್ದು ಬರಬೇಕೆಂದಿದ್ದೆವು. ಆಗ ಮೂಲೆಯಲ್ಲಿದ್ದ ಟಿವಿಯು ಕಣ್ಣಿಗೆ ಬಿತ್ತು; ತಾಯಿಯವರ ಮಾತು ನೆನಪಾಯಿತು. "ಅಜ್ಜೀ, ನೀವು ಪುಟ್ಟಗೌರಿಯನ್ನು ನೋಡುವದುಂಟೋ?" ಎಂದು ಕೇಳಿದೆವು.

ಅಜ್ಜಿಯ ಮುಖ ಅರಳಿತು. "ದಿನವೂ ನೋಡುತ್ತೇನೆ" ಎಂದು ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು. ಗೌರಿಯ ಗಂಡನ ಮನೆಯ ಅಜ್ಜಮ್ಮನ ಮೇಲೆ ಅವಳಿಗೆ ಬಹಳ ಕೋಪ. "ಆ ಅಜ್ಜಮ್ಮನಿಗೆ ಕರುಣೆಯೇ ಇಲ್ಲ ಅಕ್ಕೋರೇ! ಶಾಲೆಗೆ ಹೋಗುವ ಕೂಸು ಅದು..." ಎಂದು ಅಂದವಳು ಅಲ್ಲಿಗೇ ನಿಂತುಬಿಟ್ಟಳು. ಕಂಬಕ್ಕೊರಗಿ ಮೊಮ್ಮಗಳು ನಿಂತಿದ್ದಳು. ನಾವು ಏನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಅವಳೇ ಹೇಳಿಯಾಗಿತ್ತು. ಬಹಳ ಹೊತ್ತಿನ ಮೇಲೆ ಅಡಕತ್ತರಿಯನ್ನು ಕೆಳಗಿಟ್ಟು, "ಇದರ ದೊಡ್ಡ ಪರೀಕ್ಷೆ ಯಾವ ವರುಷ?" ಎಂದು ಕೇಳಿದಳು.

ಆ ಮದುವೆಯು ನಡೆಯಲಿಲ್ಲ. ಒಂದು ಭೇಟಿಯಿಂದಲೇ ಎಲ್ಲಾ ಸರಿಯಾಯಿತೆಂದು ಯಾರೂ ತಿಳಿಯಬಾರದು. ನಾವು ಮತ್ತೆ ಮತ್ತೆ ಹೋಗಬೇಕಾಯಿತು, ಅಂಗನವಾಡಿಯ ಕಾರ್ಯಕರ್ತೆಯ ಸಹಾಯವನ್ನೂ ಪಡೆದೆವು. ಹುಡುಗಿಯು ಹತ್ತನೆಯ ತರಗತಿಯನ್ನು ಮುಗಿಸಿ, ದಾದಿಯ ಶಿಕ್ಷಣವನ್ನು ಪಡೆದು, ಈಗ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಕೂಟದಲ್ಲಿ ಅವಳೂ ಇದ್ದಳು. ಇದನ್ನು ಬರೆಯಲಿಕ್ಕೆ ಅವಳೇ ಅಪ್ಪಣೆ ಕೊಟ್ಟಿದ್ದಾಳೆ. "ಅಜ್ಜಿಯನ್ನು ಕೆಟ್ಟವಳೆಂದು ಬರೆಯಬೇಡಿರಿ" ಎಂಬದೊಂದೇ ಅವಳ ಕರಾರು.

2018ರಲ್ಲಿ ನಮ್ಮ ತಾಯಿಯವರು ಹಾಸಿಗೆ ಹಿಡಿದರು. ಆಗ ಆ ತೋಟದ ಮನೆಯ ಅಮ್ಮನವರು, ತಾವೂ ಮುದುಕಿಯಾಗಿದ್ದರೂ, ರಿಕ್ಷಾ ಮಾಡಿಕೊಂಡು ನಮ್ಮ ಮನೆಗೆ ಬಂದರು. ಇಪ್ಪತ್ತು ವರುಷಗಳಲ್ಲಿ ಅವರು ನಮ್ಮ ಹೊಸಿಲನ್ನು ದಾಟಿದ್ದು ಅದೇ ಮೊದಲು. ನಾವು ಸಂಕೋಚದಿಂದ ಕಾಫಿಯನ್ನು ಮುಂದಿಟ್ಟೆವು. ಅವರು ಅದನ್ನು ಕುಡಿದು, ಹಾಸಿಗೆಯ ಅಂಚಿನಲ್ಲಿ ಕೂತು, "ಮಗಳು ಜಾನಕಿ" ಎಂಬ ಹೊಸ ಕಥೆಯು ಬರುತ್ತಿದೆಯೆಂದು ಹೇಳತೊಡಗಿದರು. ಅಂದಿನಿಂದ ದಿನವೂ ರಾತ್ರಿ ಅವರ ಫೋನು ಬರುತ್ತಿತ್ತು. ಜಾನಕಿ ಏನು ಮಾಡಿದಳು, ತಂದೆ ಚಂದು ಭಾರ್ಗಿ ಏನು ಹೂಡಿದನು, ವಕೀಲ ಸಿ. ಎಸ್. ಪಿ. ಏನು ಹೇಳಿದರು ಎಂಬದನ್ನೆಲ್ಲಾ ತಾಯಿಯವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಾವು ಫೋನನ್ನು ಅವರ ಕಿವಿಗೆ ಹಿಡಿದುಕೊಂಡು ಕೂತಿರುತ್ತಿದ್ದೆವು. 1998ರಲ್ಲಿ ಆಡಿದ ಮಾತಿಗೆ ನಾವು ಕೇಳಿಕೊಂಡ ಕ್ಷಮೆ ಅಷ್ಟೇ. ಬೇರೆ ಮಾತಿನಿಂದ ಕೇಳಲಿಕ್ಕೆ ನಮಗೆ ಬಾಯಿ ಬರಲಿಲ್ಲ.

2019ರಲ್ಲಿ ತಾಯಿಯವರು ತೀರಿಕೊಂಡರು. 2020ರಲ್ಲಿ ಕೊರೋನಾದ ದಿಗ್ಬಂಧನದಿಂದ "ಮಗಳು ಜಾನಕಿ"ಯು ನಡುವೆಯೇ ನಿಂತುಹೋಯಿತು. ಆಗ ಅಮ್ಮನವರು ನಮಗೆ ಫೋನು ಮಾಡಿ, "ಕೊನೆಯನ್ನು ಅವಳ ಫೋಟೋದ ಮುಂದಾದರೂ ಹೇಳಬೇಕೆಂದಿದ್ದೆ ಮಗಾ. ಈಗ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಲೆಕ್ಕ ಸಮವಾಯಿತು" ಎಂದು ನಕ್ಕರು, ನಕ್ಕು ಬಹಳ ಹೊತ್ತು ಸುಮ್ಮನಿದ್ದರು.

ಎಲ್ಲಾ ಧಾರಾವಾಹಿಗಳೂ ಒಳ್ಳೆಯವೆಂದು ನಾವು ಹೇಳುವದಿಲ್ಲ. ಆ ಪುಟ್ಟಗೌರಿಯೇ ವರುಷಾನುಗಟ್ಟಲೆ ಎಳೆದು, ನಾಯಕಿಯು ಪ್ರಪಾತಕ್ಕೆ ಬಿದ್ದರೂ ಬದುಕುವಂಥ ಪ್ರಸಂಗಗಳಿಂದ ನಗೆಪಾಟಲಾದದ್ದು ಎಲ್ಲರಿಗೂ ಗೊತ್ತುಂಟು. ಓದುವ ಹೊತ್ತನ್ನು ನುಂಗುವ ಟಿವಿಯನ್ನು ಆರಿಸಲೇಬೇಕು. ಈ ಕಾಲದಲ್ಲಿ ಕೈಯೊಳಗಿನ ಮೊಬೈಲನ್ನು ಸಹ. ಆದರೆ ತಾಯ್ತಂದೆಗಳೇ, ಆರಿಸುವ ಮುಂಚೆ ಒಂದು ದಿವಸ ಮಗಳ ಪಕ್ಕದಲ್ಲಿ ಕೂತು, "ಇವಳು ಯಾರು? ಇವಳಿಗೇನು ಕಷ್ಟ?" ಎಂದು ಕೇಳಿರಿ. ತನ್ನದೆಂದು ಹೇಳಲಾರದ್ದನ್ನು ಮಗುವು ಇನ್ನೊಬ್ಬಳದೆಂದು ಹೇಳಬಹುದು.

ಮುಂದಿನ ಕೂಟಕ್ಕೆ ಎಲ್ಲರೂ ತಪ್ಪದೆ ಬರಬೇಕೆಂದು ಕೋರುತ್ತೇವೆ. ಭಾಷಣಗಳನ್ನು ನಾಲ್ಕು ಗಂಟೆಗೇ ಮುಗಿಸುವೆವು. ನಾಲ್ಕೂವರೆಗೆ ಚಾಪೆ ಹಾಸಿರುವದು.